ಮುಂದೆ ಮೂವತ್ತೆರಡು, ಹಿಂದೆ ನಲವತ್ತು

ಟಿಕ್ ಟಿಕ್ ಟಿಕ್ ಟಿಕ್... ಕಾರ್ಕಳದ ನಮ್ಮ ಮನೆಯ ಇಳಿಜಾರಿನಲ್ಲಿ ಅಪ್ಪ ಪೆಡಲ್ ತುಳಿಯದೆ ಬರುವಾಗ ಸೈಕಲ್ ಹಾಗೆ ಸದ್ದು ಮಾಡುತ್ತಿತ್ತು. ನಾವು ಮಕ್ಕಳು ಕೂಡಲೇ ಪುಸ್ತಕ ತೆರೆಯುತ್ತಿದ್ದೆವು!

ಆ ಸೈಕಲ್ ಈಗ ಬನ್ನಂಜೆಯ ನಮ್ಮ ಮನೆಯಲ್ಲಿದೆ. ಹಳೇ ಸೈಕಲ್‌ಗಳನ್ನು ಕೂಡಿಡುವ ಮಣಿಪಾಲದ ಡಾಕ್ಟರೊಬ್ಬರು ಅದರ ಫೋಟೋ ನೋಡಿ ಫೋನ್ ಮಾಡಿದರು. "ಮೇಡಮ್, ರಿಮ್ ಭಾರೀ ಅಪರೂಪದ್ದು ಕಾಣ್ತದೆ. ಅದರಲ್ಲಿ ಹೆಸರು ಉಂಟಾ? ಸ್ಪೋಕ್ಸ್ ಎಷ್ಟು?"

ಹೆಸರನ್ನು ತುಕ್ಕು ತಿಂದಿತ್ತು. ಆದರೆ ಎಣಿಕೆ! ಕಾನ್ವೆಂಟಿನಲ್ಲಿ ಕಲಿತು, ಮೂವತ್ತು ವರ್ಷ ಗಣಿತ ಕಲಿಸಿದವಳಿಗೆ ಅದೊಂದು ಪ್ರಾಬ್ಲಮ್ಮೇ? ಚಾಕ್‌ಪೀಸ್ ಹಿಡಿದು ಕುಳಿತೆ. ಮುಂದಿನ ಚಕ್ರಕ್ಕೆ ಮೂವತ್ತೆರಡು ಕಡ್ಡಿ. ಹಿಂದಿನದಕ್ಕೆ ನಲವತ್ತು.

ಪುನಃ ಎಣಿಸಿದೆ. ನಲವತ್ತೇ!

"ಒಂದು ರಿಮ್ ಡೂಪ್ಲಿಕೇಟ್! ಯಾರೋ ಬದಲಾಯಿಸಿದ್ದಾರೆ!" ಎಂದು ಘೋಷಿಸಿದೆ.

ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ಡಾಕ್ಟರು ಎಷ್ಟು ಅಂತ ಕೇಳಿದ್ದು ಮಾರಾಯ್ತಿ. ಕಳ್ಳ ಯಾರು ಅಂತ ಕೇಳಲಿಲ್ಲ."

ಅಪ್ಪನ ಕಾಲದಿಂದಲೂ ಆ ಸೈಕಲ್ ಮುಟ್ಟಿದವರು ಒಬ್ಬರೇ, ಮೊದಲು ಕಾರ್ಕಳದಲ್ಲಿದ್ದು ಆಮೇಲೆ ಕಟಪಾಡಿಯಲ್ಲಿ ಅಂಗಡಿ ಇಟ್ಟ ಮೆಕ್ಯಾನಿಕ್ ಸಂಜೀವಣ್ಣ. ರಿಕ್ಷಾ ಹತ್ತಿ ಹೋದೆ. ಗಿರಾಕಿಗಳ ಎದುರೇ ವಿಚಾರಣೆ ಶುರು!

"ಅಪ್ಪನ ರಿಮ್ ಎಲ್ಲಿ? ಮುಂದೆ ಮೂವತ್ತೆರಡು, ಹಿಂದೆ ನಲವತ್ತು ಹೇಗೆ?"

"ಅದು ಹಾಗೆಯೇ ಬರುವುದು ಟೀಚರ್..."

"ಡೋಂಟ್ ಟೀಚ್ ಮಿ ಅರಿತ್ಮೆಟಿಕ್!"

ಸಂಜೀವಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅಂಗಡಿಯ ಒಳಗೆ ಹೋದರು. ನಾನು ಗೆದ್ದೆನೆಂದುಕೊಂಡು ಮನೆಗೆ ಬಂದೆ.

ಭಾನುವಾರ ಡಾಕ್ಟರೇ ಬಂದರು. ಚಕ್ರದ ಮುಂದೆ ಮಂಡಿಯೂರಿ ಎಣಿಸಿದರು. "ಬ್ಯೂಟಿಫುಲ್! ಆ ಕಾಲದ ಇಂಗ್ಲಿಷ್ ಸೈಕಲ್‌ಗೆ ಮೂವತ್ತೆರಡು, ನಲವತ್ತು, ಹೀಗೆಯೇ ಇರಬೇಕು. ಎರಡೂ ಒರಿಜಿನಲ್! ಇಷ್ಟು ಜೋಪಾನ ಮಾಡಿದ ಮೆಕ್ಯಾನಿಕ್ ಯಾರು?"

"ಇವಳಿಗೆ ಒಳ್ಳೇ ಪರಿಚಯ," ಎಂದರು ನನ್ನ ಗಂಡ.

ಮರುದಿನ ಬೆಳಿಗ್ಗೆ ಸಂಜೀವಣ್ಣನ ಹೆಂಡತಿಗೆಂದು ಶಂಕರಪುರ ಮಲ್ಲಿಗೆ ಹಿಡಿದು ಕಟಪಾಡಿಗೆ ಓಡಿದೆ. ಅಂಗಡಿಗೆ ಬೀಗ!

"ಕಣ್ಣು ಕಾಣುವುದಿಲ್ಲ ಅಂತ ಅಂಗಡಿ ಬಿಟ್ಟರಲ್ಲ ಟೀಚರ್," ಎಂದ ಪಕ್ಕದ ಅಂಗಡಿಯವನು. "ಕಾಪುವಿಗೆ, ಮಗಳ ಮನೆಗೆ ಹೊರಟರು. ಅಗೋ, ಬಸ್ಸಿನಲ್ಲಿ ಕೂತಿದ್ದಾರೆ!"

ನನ್ನ ಮಂಡಿನೋವನ್ನೂ ಎಳೆದುಕೊಂಡು ಓಡಿದೆ. "ಸಂಜೀವಣ್ಣಾ! ಐ ವಾಸ್ ರಾಂಗ್! ತಪ್ಪು ನನ್ನದೇ!" ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಗಲಿ, ಬೈದದ್ದೂ ನಾಲ್ಕು ಜನರೆದುರೇ ಅಲ್ಲವೇ? ಮಲ್ಲಿಗೆಯನ್ನು ಕಿಟಕಿಯೊಳಗೆ ತುರುಕಿದೆ.

ಅವರು ನಕ್ಕರು. "ಕೋಪ ಎಂತದ್ದು ಟೀಚರ್? ಭಾರ ಬೀಳುವುದು ಹಿಂದೆ ಅಲ್ವಾ? ಈ ಬಸ್ಸಿನ ಚಕ್ರ ಎಣಿಸಿ ನೋಡಿ."

ಕಂಡಕ್ಟರ್ ಸೀಟಿ ಊದಿದ. ಸಂಜೀವಣ್ಣನನ್ನು ನಾನು ಕಂಡದ್ದು ಅದೇ ಕೊನೆ. ಅವರು ಕಿಟಕಿಯಿಂದ ಕೈ ಬೀಸಿದರಂತೆ. ನಾನು ನೋಡಲಿಲ್ಲ. ಬಗ್ಗಿ ಎಣಿಸುತ್ತಿದ್ದೆ.

ಮುಂದೆ ಎರಡು. ಹಿಂದೆ ನಾಲ್ಕು.