ಡ್ರೈವಿಂಗ್ ಮಾಸ್ತರರ ಗುಟ್ಟಿನ ಗುಳಿಗೆ

"ನನ್ನ ಬಿಪಿ ಇಳಿಸೋದು ನನಗೆ ಗೊತ್ತು. ಮಾತ್ರೆಗೀತ್ರೆ ಈ ಮೈಗೆ ಸೋಕಬಾರದು!"

ಹೀಗೆಂದು ಘೋಷಿಸಿದ ಡ್ರೈವಿಂಗ್ ಮಾಸ್ತರರು, ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಯ ಸ್ಟ್ರಿಪ್ಪನ್ನು ಅಡುಗೆಮನೆಯ ಕಪಾಟಿಗೆ ಎಸೆದರು. ಊರಿಗೆಲ್ಲ ಕಾರು ಕಲಿಸಿದ ಮಹಾನುಭಾವರು, ಎದುರಿಗೆ ಲಾರಿ ನುಗ್ಗಿದರೂ ಬೆವರದವರು. ಅಂಥವರು ಸಾಸಿವೆಯಷ್ಟು ಮಾತ್ರೆಗೆ ತಲೆಬಾಗುವುದೇ?

"ನುಂಗ್ರೀ ಅಂದ್ರೆ ನುಂಗಿ. ಹೃದಯದ ವಿಷಯ," ಅಂದಳು ಹೆಂಡತಿ.

"ನನ್ನ ಹೃದಯ ನನಗೆ ಬಿಡು."

"ಮದುವೆ ದಿನ ಬೇರೆ ಮಾತು ಹೇಳಿದ್ರಿ!"

ಗಂಡಸಿನ ಜಂಬಕ್ಕೆ ಯಾವ ಡಾಕ್ಟರೂ ಮದ್ದು ಬರೆಯುವುದಿಲ್ಲ. ಅದರಿಂದ ನೆಲ ಕಚ್ಚಿದ ಮನೆಗಳೆಷ್ಟೋ! ಮಾಸ್ತರರ ಜಂಬ ಇಳಿಸಲಂತೂ ಮಹಡಿ ಮೆಟ್ಟಿಲೇ ಸಾಕಾಯಿತು. ಒಂದು ಸಂಜೆ ಹತ್ತುವಾಗ ಎದೆ ಡಬಡಬ ಬಡಿದುಕೊಂಡು ಜೀವ ಬಾಯಿಗೆ ಬಂತು. ಮರುದಿನವೇ ಕಳ್ಳನಂತೆ ಔಷಧಿ ಅಂಗಡಿಗೆ ಹೋಗಿ, ಅದೇ ಮಾತ್ರೆಯ ಇನ್ನೊಂದು ಸ್ಟ್ರಿಪ್ ತಂದು ಕಾರಿನಲ್ಲಿ ಬಚ್ಚಿಟ್ಟರು. ದಿನಾ ಮೊದಲ ಪಾಠಕ್ಕೆ ಮುಂಚೆ ಒಂದು ಗುಳುಂ! ಮಾತ್ರೆಯನ್ನೇನೋ ನುಂಗಬಹುದು, ಆಡಿದ ಮಾತನ್ನು ನುಂಗುವುದು ಹೇಗೆ? ಮನೆಯಲ್ಲಿ ಮಾತ್ರ ಅದೇ ಮೀಸೆ, ಅದೇ ತಿರುವು.

ಕಪಾಟಿನ ಸ್ಟ್ರಿಪ್ ಹಾಗೇ ಬಿದ್ದಿರುವುದನ್ನು ನೋಡಿ ನೋಡಿ ಹೆಂಡತಿಗೆ ನಿದ್ದೆ ಹತ್ತದಾಯಿತು. ಬೇಡಿಕೊಂಡಳು, ಬೈದಳು. ಕೊನೆಗೊಂದು ಬೆಳಿಗ್ಗೆ ಮಾತ್ರೆಯನ್ನು ಕುಟ್ಟಿ ಪುಡಿಮಾಡಿ ಅವರ ಕಾಫಿಗೆ ಬೆರೆಸಿಬಿಟ್ಟಳು.

"ಏನೇ ಇದು, ಕಾಫಿ ಇಷ್ಟು ಕಹಿ?"

"ನಿಮ್ಮ ಬಾಯೇ ಹಾಗೆ. ಸುಮ್ನೆ ಕುಡೀರಿ."

ಕುಡಿದರು. ಕಾರಿಗೆ ಹೋಗಿ ತಮ್ಮ ಗುಟ್ಟಿನ ಮಾತ್ರೆಯನ್ನೂ ನುಂಗಿದರು.

ಅಂದು ಸ್ಟೀರಿಂಗ್ ಹಿಡಿದಿದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ಸಮ್ಮ. ಅವರು ಗೇರು ಮುಟ್ಟಿದರೆ ಕಾರಿಗೆ ಕೆಮ್ಮು ಬರುತ್ತಿತ್ತು.

"ಮೇಡಂ, ರಸ್ತೆ ಯಾಕೆ ತೇಲ್ತಾ ಇದೆ?"

"ರಸ್ತೆ ಇದ್ದಲ್ಲೇ ಇದೆ ಮಾಸ್ತರೇ. ನೀವೇ ವಾಲ್ತಾ ಇದೀರಿ... ಅಯ್ಯೋ!"

ಮಾಸ್ತರರಿಗೆ ಕಣ್ಣು ಕತ್ತಲೆ ಬಂದು ತಲೆ ಕಿಟಕಿಗೆ ಒರಗಿತು. ಮಹಾತಾಯಿ! ಅದುವರೆಗೆ ಮೂರನೇ ಗೇರಿನ ಮುಖ ಕಾಣದಿದ್ದ ಆಕೆ, ಒಂದು ಹೂಕುಂಡವನ್ನಷ್ಟೇ ಬಲಿ ತೆಗೆದುಕೊಂಡು ಕಾರನ್ನು ಸೀದಾ ಕ್ಲಿನಿಕ್ಕಿನ ಬಾಗಿಲಲ್ಲಿ ನಿಲ್ಲಿಸಿದರು. ಅಲ್ಲಿಂದಲೇ ಫೋನು ಮಾಡಿದರು. ಹೆಂಡತಿ ಓಡೋಡಿ ಬಂದಳು.

"ಬಿಪಿ ಪಾತಾಳಕ್ಕಿಳಿದಿದೆ! ಎಷ್ಟು ಮಾತ್ರೆ ತಗೊಂಡ್ರಿ?" ಡಾಕ್ಟರಮ್ಮ ಗದರಿದರು.

"ಒಂದೇ ಒಂದು... ದಿನಾ ತಗೊಳ್ಳೋ ಹಾಗೆ," ಎಂದರು ಮಾಸ್ತರರು, ಕೇಳಿಸಿತೋ ಇಲ್ಲವೋ ಎಂಬಂತೆ.

ಹೆಂಡತಿ ಗೋಡೆ ಹಿಡಿದಳು. "ದಿನಾ ತಗೋತಿದ್ರಾ? ಹಾಗಾದ್ರೆ ನಾನು ಕಾಫಿಗೆ ಹಾಕಿದ್ದು?"

"ಕಾಫಿಗಾ?!"

ಡಾಕ್ಟರಮ್ಮ ಇಬ್ಬರನ್ನೂ ಸುಡುವಂತೆ ನೋಡಿದರು. "ಒಬ್ಬರಿಗೆ ಜಂಬ, ಇನ್ನೊಬ್ಬರಿಗೆ ಅವಸರ! ಕಲಿಯೋರು ಬ್ರೇಕ್ ತುಳಿದ ಮೇಲೆ ಮಾಸ್ತರೂ ತಮ್ಮ ಬ್ರೇಕ್ ಒತ್ತಿ ಹಿಡಿದ್ರೆ ಗಾಡಿ ಹೋಗತ್ತೇನ್ರೀ? ಈ ಮಾತ್ರೆ ಪುಡಿ ಮಾಡೋ ಹಾಗಿಲ್ಲ. ದಿನಾ ಅದೇ ಹೊತ್ತಿಗೆ, ಇಡಿಯಾಗಿ, ನಾನು ಬರೆದಷ್ಟೇ. ಮರೆತ್ರೆ ಮರುದಿನ ಎರಡು ನುಂಗಬೇಡಿ. ಆರಾಮಾಯ್ತು ಅಂತ ನೀವಾಗೇ ನಿಲ್ಲಿಸಲೂ ಬೇಡಿ. ಇನ್ನು ಗುಟ್ಟು ಮಾಡೋದಂತೂ ಸಾಕೇ ಸಾಕು!"

ಮಲಗಿಸಿದ್ದಾಯಿತು, ಮತ್ತೆ ಮತ್ತೆ ನೋಡಿದ್ದಾಯಿತು. ಕೊನೆಗೆ ಡಾಕ್ಟರಮ್ಮ "ಗಂಡಾಂತರ ಕಳೀತು" ಎಂದು ಹೊರಗೆ ಹೋದಾಗ ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು.

"ನನ್ನ ಕೈಯಾರೆ ನಿಮ್ಮನ್ನ..."

ಮಾಸ್ತರರು ಅವಳತ್ತ ಹೊರಳಿದರು. ಅವಳ ಕೈ ಹಿಡಿದುಕೊಂಡರು. "ಅಳಬೇಡ ಕಣೇ. ತಪ್ಪೆಲ್ಲಾ ನನ್ನದೇ. ನೀನು ಹೇಳಿದ್ದೇ ಸರಿ."

ಅವಳ ಅಳು ಥಟ್ಟನೆ ನಿಂತಿತು. ಗಾಬರಿಯಿಂದ ಎದ್ದು ಬಾಗಿಲತ್ತ ಓಡಿದಳು.

"ಡಾಕ್ಟ್ರೇ, ಬೇಗ ಬನ್ನಿ! ಇವರಿಗೆ ಇನ್ನೂ ಪೂರ್ತಿ ಪ್ರಜ್ಞೆ ಬಂದಿಲ್ಲ!"