ಅಲುಗಾಡಿದರೆ ಹತ್ತುವ ದೀಪ

ನಮ್ಮ ಮನೆಯವರು ಇಡೀ ಮುರಗೋಡದ ಬೆಕ್ಕುಗಳಿಗೆ ಬೇಕಾದವರು. ಹೆಸರು ಮಾತ್ರ ಕೇಳಬೇಡಿ; ಗಂಡನ ಹೆಸರನ್ನು ಮದುವೆಯ ಒಡಪಿನಲ್ಲಿ ಒಮ್ಮೆ ಹೇಳಿದ್ದೇ ಕೊನೆ. ನಮ್ಮ ಅಂಗಳದಲ್ಲಿ ಬೆಕ್ಕು ಕಾಲಿಟ್ಟರೂ ದೀಪ ಹತ್ತುತ್ತದೆ. ಯಾವ ಊರಲ್ಲಿ ಬೆಕ್ಕಿಗೆ ಇಷ್ಟು ಮರ್ಯಾದೆಯಿದೆ, ಹೇಳಿ!

ಇದೆಲ್ಲ ಮೊಮ್ಮಗಳಿಗಾಗಿ. ಮಗಳು ಕೂಸನ್ನು ಕರೆದುಕೊಂಡು ಬಂದಿದ್ದಳು. ಕೂಸಿಗೆ ಒಂದೂವರೆ ವರ್ಷ. ಇನ್ನೂ ಒಂದು ಹೆಜ್ಜೆ ಇಟ್ಟಿರಲಿಲ್ಲ. ತೊಂದರೆಯೇನಿಲ್ಲ, ಕಾಯಿರಿ ಎಂದು ರಾಮದುರ್ಗದ ಡಾಕ್ಟರು ಹೇಳಿದ್ದರು. ಮಗಳು ನಮ್ಮೆದುರು ಕಾಯುತ್ತಿದ್ದಳು, ಬಚ್ಚಲಿಗೆ ಹೋಗಿ ಅಳುತ್ತಿದ್ದಳು. ಅದು ಇವರ ಕಿವಿಗೆ ಬಿತ್ತು. ಮರುದಿನವೇ ಪೇಟೆಯಿಂದ ಒಂದು ಸೆನ್ಸರ್ ತಂದರು.

"ಮುಂದ ಯಾರರ ಅಲಗ್ಯಾಡಿದ್ರ ದೀಪ ಹತ್ತತೈತಿ. ದೀಪದ ಆಸೆಕ್ಕ ಕೂಸು ನಡೀತೈತಿ."

"ಡಾಕ್ಟರಿಗೆ ಇದು ಹೊಳೀಲಿಲ್ಲಲ್ರಿ!"

"ಅವರು ವೈರಿಂಗ್ ಕಲತಿಲ್ಲ."

ಮೊದಲು ಸೆನ್ಸರನ್ನು ರಸ್ತೆಯ ಕಡೆ ಮುಖ ಮಾಡಿ ಕೂರಿಸಿದರು. ಮುಸ್ಸಂಜೆಯಲ್ಲಿ ದೀಪ ಹತ್ತಿತೆಂದರೆ ನನ್ನ ಕೈ ತಾನೇ ಮುಗಿಯುತ್ತದೆ, ಹುಟ್ಟಿದಾಗಿನ ರೂಢಿ. ದಿನಕ್ಕೊಮ್ಮೆ ಇದ್ದದ್ದು ಈಗ ಹಾದು ಹೋದವರಿಗೆಲ್ಲ ಒಂದೊಂದು ಸಲ! ಆಡಿಗೆ ಮುಗಿದ ಕೈ ಇಳಿಸುವಷ್ಟರಲ್ಲಿ ಹಿಂದೆ ಅದರ ಮರಿ. ಇನ್ನು ಸೊಪ್ಪು ಸೋಸುವುದು ಯಾವಾಗ?

ಪಕ್ಕದ ಮನೆಯಾಕೆ ಎಮ್ಮೆ ಹೊಡೆದುಕೊಂಡು ಬಂದವಳು ನಿಂತೇಬಿಟ್ಟಳು.

"ಯಾಕ್ರಿ ಕಾಕಿ, ನಮ್ಮ ಎಮ್ಮಿಗೆ ದಿನಾ ಕೈ ಮುಗೀತೀರಿ?"

"ಎಮ್ಮಿಗಲ್ಲವ್ವಾ, ದೀಪಕ್ಕ."

"ಹೌದೇನ್ರಿ? ನಾ ಹಾಲಿನ ಮ್ಯಾಲ ಕಣ್ಣೈತಿ ಅಂದ್ಕೊಂಡಿದ್ದೆ!"

ನನ್ನ ಅವಸ್ಥೆ ನೋಡಿ ಇವರು ಸೆನ್ಸರನ್ನು ಅಂಗಳದ ಕಡೆ ತಿರುಗಿಸಿ, ಕೆಳಗಿಳಿಸಿದರು. ಅಂಬೆಗಾಲಿನ ಕೂಸು ಅದಕ್ಕೆ ಕಂಡೀತೇ? ನೋಡಬೇಕಲ್ಲ! ಎಪ್ಪತ್ತರ ಮನುಷ್ಯ ಧೋತರ ಎತ್ತಿ ಕಟ್ಟಿ ತಾವೇ ಅಂಬೆಗಾಲಿಟ್ಟರು. ಎಮ್ಮೆಯಾಕೆ ಮತ್ತೆ ಹಣಿಕಿದಳು.

"ಕಾಕಾ, ಏನರ ಕಳಕೊಂಡೀರೇನ್ರಿ?"

"ಇಲ್ಲವ್ವಾ, ಟೆಸ್ಟಿಂಗ್ ನಡದೈತಿ."

ದೀಪ ಹತ್ತಿತು. ಟೆಸ್ಟಿಂಗ್ ಪಾಸು.

ನಾಪಾಸಾದದ್ದು ಕೂಸು. ಚಪ್ಪರದ ಕಂಬ ಹಿಡಿದು ನಿಲ್ಲುವುದು. ದೀಪ ಆರಿದರೆ ಅಜ್ಜನತ್ತ ಬೆರಳು ತೋರಿಸಿ "ಊಂ" ಎನ್ನುವುದು. ಅಜ್ಜ ಅಂಗಳದ ತುಂಬ ಓಡುವರು, ದೀಪ ಹತ್ತುವುದು, ಕೂಸು ಕೇಕೆ ಹಾಕುವುದು. ಯಾರನ್ನು ನಡೆಸಲು ತಂದದ್ದು, ಯಾರನ್ನು ಓಡಿಸುತ್ತಿದೆ!

"ಭಾಳ ಶಾಣ್ಯಾ ಐತಿ ಕೂಸು," ಎಂದು ಇವರು ಏದುಸಿರಿನಲ್ಲೇ ಹೆಮ್ಮೆಪಟ್ಟರು.

ಮಗಳು ನಗಲಿಲ್ಲ. "ಯವ್ವಾ, ಮುಂದಿನ ವಾರ ಬೆಳಗಾವಿಗೆ ಒಯ್ದು ತೋರಸ್ತೇನಿ," ಎಂದಳು.

ಅದರ ಮರುದಿನ ಇವರ ಮೊಣಕಾಲು ಬಾತುಕೊಂಡಿತು. ಸಂಜೆ ಅಂಗಳದ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ದೀಪ ಆರಿತು. ಕೂಸು ಬೆರಳು ತೋರಿಸಿತು.

"ಇವತ್ತ ಆಗೂದಿಲ್ಲವ್ವಾ ನನ್ನ ಕಡೆ."

"ಊಂ!"

ಅಜ್ಜ ಏಳಲಿಲ್ಲ. ಕೂಸು ಆ ಮೊಣಕಾಲನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕಂಬ ಬಿಟ್ಟಿತು.

ಒಂದು. ಎರಡು. ದೀಪ ಯಾವಾಗ ಹತ್ತಿತೋ ನಾವು ನೋಡಲಿಲ್ಲ. ನಾಲ್ಕನೆಯ ಹೆಜ್ಜೆಗೆ ಅಜ್ಜನ ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿ, ಅದಕ್ಕೆ ಉಫ್ ಎಂದು ಊದಿತು. ರೊಟ್ಟಿ ಬಡಿಯುತ್ತಿದ್ದ ಮಗಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನು ಜೋರಾಗಿ ಕೂಗುತ್ತಿದ್ದೆ, ಏನು ಕೂಗಿದೆನೋ ದೇವರಿಗೇ ಗೊತ್ತು.

ಇವರು ಮಾತ್ರ ಕೂಸನ್ನು ಪಕ್ಕಕ್ಕೆ ಎತ್ತಿ ಕೂರಿಸಿಕೊಂಡು, ಆ ಎರಡು ಪುಟ್ಟ ಪಾದಗಳನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತತೊಡಗಿದರು.

"ಕಾಲು ನೋವಾದುವೇನವ್ವಾ, ನನ್ನ ಕೂಸ?"