ಪುಕ್ಕಲನ ಮೇಘಾಲಯ

ಹೆದರಬೇಡಿ ಎಂದು ಯಾರಾದರೂ ಹೇಳಿದರೆ ಸಾಕು, ನನ್ನ ಕಾಲು ನಡುಗಲು ಸುರುವಾಗುತ್ತದೆ. ಇಂಥವನಿಗೇ ಇಂಥದ್ದೆಲ್ಲ ಯಾಕೆ ಆಗುತ್ತಾ ಇರುತ್ತದೋ ದೇವರೇ ಬಲ್ಲ.

ನನ್ನದು ಯಾವ ಸ್ಟೇಷನ್

ಮುಂಬಯಿ ಪಕ್ಕದ ಠಾಣೆಯ ಕೋಪರಿಯಲ್ಲಿ ನಮ್ಮದೊಂದು ಸಣ್ಣ ವೆಜ್ ಹೋಟೆಲು, ಮನೆ ಡೊಂಬಿವಲಿಯಲ್ಲಿ. ಸಂಜೆ ಗಲ್ಲಾ ತಮ್ಮನಿಗೆ ಬಿಟ್ಟು ಲೋಕಲ್ ರೈಲು ಹತ್ತುವಾಗ ಹೆಂಡತಿಯೂ ಜೊತೆಗಿರುತ್ತಾಳೆ, ಅವಳ ಆಫೀಸು ಠಾಣೆಯಲ್ಲೇ. ಪಾಪ, ಲೇಡೀಸ್ ಡಬ್ಬಿ ಬಿಟ್ಟು ಜನರಲ್ ಡಬ್ಬಿಗೆ ಬರುವುದು ನನಗೋಸ್ಕರ. ನಮ್ಮ ಸ್ಟೇಷನ್ ಹತ್ತಿರವಾದಂತೆ ನನ್ನ ಬೆನ್ನಿಗೆ ಕೈ ಒತ್ತಿ, “ಹೂಂ, ಡೊಂಬಿವಲಿ ಬಂತು, ಮುಂದೆ ನಡೀರಿ” ಅನ್ನುತ್ತಾಳೆ. ಅವಳಿಲ್ಲದ ದಿನ ಗರ್ದಿಗೆ ಹೆದರಿ ಇಳಿಯಲಾಗದೆ ಆಚೆಯ ಕಲ್ಯಾಣ ಸ್ಟೇಷನ್ನಿಗೆ ಹೋಗಿ ವಾಪಸ್ಸು ಬಂದದ್ದು ಬೇಕಾದಷ್ಟು ಸಲ ಉಂಟು. ಬಾಗಿಲಲ್ಲಿ ನಿಂತವರು “ಉತರ್ನಾ ಹೈ ಕ್ಯಾ?” ಇಳಿಯುವುದಿದೆಯಾ ಎಂದು ಗದರಿದರೆ, ಮರ್ಯಾದೆ ಪ್ರಶ್ನೆ ನೋಡಿ, “ಇಲ್ಲಪ್ಪ, ನನ್ನದು ಕಲ್ಯಾಣ” ಅಂದುಬಿಡುತ್ತೇನೆ.

ಎರಡು ಬ್ಯಾಗು

ಮೇಘಾಲಯದಲ್ಲಿ ಮರದ ಬೇರುಗಳನ್ನೇ ಹೆಣೆದು ಬೆಳೆಸಿದ ಸೇತುವೆಗಳಿವೆ ಎಂದು ಅವಳು ಟೀವಿಯಲ್ಲಿ ನೋಡಿದ್ದೇ ನೋಡಿದ್ದು, ಅದನ್ನು ದಾಟಲೇಬೇಕೆಂದು ಹಟ ಹಿಡಿದಳು. ನಾನು ವರ್ಷಗಟ್ಟಲೆ ಏನೇನೋ ನೆಪ ಹೇಳಿ ಜಾರಿಕೊಂಡೆ. ಕೊನೆಗೆ ಡಾಕ್ಟರು ಅವಳ ಮೊಣಕಾಲಿನ ಆಪರೇಷನ್ನಿಗೆ ದಿನ ಕೊಟ್ಟರು, ಅದಾದ ಮೇಲೆ ಗುಡ್ಡ ಹತ್ತಿ ಇಳಿಯುವುದು ಬಂದ್ ಅಂದರು. “ಈಗಲೇ ಹೋಗಬೇಕು. ನೀವು ಬರದಿದ್ದರೆ ನಾನೊಬ್ಬಳೇ ಹೋಗ್ತೇನೆ” ಅಂದಳು. ಅವಳೊಬ್ಬಳನ್ನೇ ಕಳಿಸುವ ಹೆದರಿಕೆ ಹೋಗುವ ಹೆದರಿಕೆಗಿಂತ ದೊಡ್ಡದಾಯಿತು.

ಅಲ್ಲಿ ತಿನ್ನಲು ಏನು ಸಿಗುತ್ತದೋ ಎಂಬ ಚಿಂತೆಯಲ್ಲಿ ಎರಡು ಬ್ಯಾಗಿನ ತುಂಬ ಅವಲಕ್ಕಿ, ಉಪ್ಪಿನಕಾಯಿ, ಒಗ್ಗರಣೆ ಸಾಮಾನು ತುಂಬಿದೆ.

“ಬಟ್ಟೆ ಎಲ್ಲಿ?”

“ಬಟ್ಟೆ ಅಲ್ಲಿಯೂ ಸಿಗ್ತದೆ.”

“ಮಾರಾಯ್ರೆ, ಅಲ್ಲಿ ಬಟ್ಟೆ ಹಾಕುವವರು ಊಟ ಮಾಡುವುದಿಲ್ವಾ?”

ಎಲೆ ಅಡಿಕೆ

ಮೇಘಾಲಯದಲ್ಲಿ ನಾವು ಇಳಿದುಕೊಂಡ ಮನೆಯ ಅಜ್ಜಿ, ಖಾಸಿ ಜನಾಂಗದವರು, ನಾವು ಒಳಗೆ ಕಾಲಿಟ್ಟ ಕೂಡಲೇ ಕ್ವಾಯ್ ಕೊಟ್ಟರು. ನೋಡಿದರೆ ನಮ್ಮ ಎಲೆ ಅಡಿಕೆಯೇ! ಊರಿನ ನೆಂಟರ ಮನೆಗೆ ಬಂದಷ್ಟು ಖುಷಿಯಾಯಿತು. ಅಜ್ಜಿ ಮುರುಕು ಹಿಂದಿಯಲ್ಲಿ “ಸ್ವಲ್ಪ, ಸ್ವಲ್ಪ” ಅನ್ನುತ್ತಿದ್ದರು. ಉಡುಪಿಯವನಿಗೆ ಎಲೆ ಅಡಿಕೆ ತಿನ್ನಲು ಇವರು ಕಲಿಸುವುದಾ? ಇಡಿಯಾಗಿಯೇ ಬಾಯಿಗೆ ಹಾಕಿದೆ.

ಅದು ಹಸಿ ಅಡಿಕೆ. ಎರಡೇ ನಿಮಿಷದಲ್ಲಿ ಕಿವಿ ಸುಟ್ಟಿತು, ಆ ಚಳಿಯಲ್ಲೂ ಬೆವರು ಕಿತ್ತುಕೊಂಡು ಬಂತು, ಎದೆ ಡಬಡಬ. ಮುಗಿಯಿತು ನನ್ನ ಕತೆ ಅಂದುಕೊಂಡೆ. ಹೆಂಡತಿಯ ಕೈ ಹಿಡಿದು, “ಸಾಂಬಾರು ಪುಡಿಯ ಹದ ತಮ್ಮನಿಗೆ ಹೇಳು, ಅವನು ಮೆಂತೆ ಜಾಸ್ತಿ ಹಾಕ್ತಾನೆ” ಅಂದೆ. ಅಜ್ಜಿ ಬಿದ್ದು ಬಿದ್ದು ನಕ್ಕರು, ಮೊದಲ ಸಲ ಎಲ್ಲರಿಗೂ ಹೀಗೇ ಆಗುವುದಂತೆ.

ಹೆಂಡತಿ ಕೈ ಚಾಚಿದಳು. “ಸ್ವೆಟರ್ ಇತ್ತ ಕೊಡಿ, ಇನ್ನು ನಿಮಗೆ ಬೇಡವಲ್ಲ.”

ದೇವರ ಕಾಡು

ಮರುದಿನ ದೇವರ ಕಾಡಿಗೆ ಹೋದೆವು. ಒಳಗಿನಿಂದ ಒಂದು ಎಲೆಯನ್ನೂ ಹೊರಗೆ ತರಬಾರದು, ತಂದವನಿಗೆ ಒಳ್ಳೆಯದಾಗುವುದಿಲ್ಲ ಎಂದ ಗೈಡು. ಊರಿನ ನಾಗಬನದಲ್ಲಿ ಕಡ್ಡಿ ಮುರಿಯಲೂ ಹೆದರಿ ಬೆಳೆದವನಿಗೆ ಬೇರೆ ಹೇಳಬೇಕಾ? ಕೈ ಕಟ್ಟಿಕೊಂಡೇ ನಡೆದೆ.

ವಾಪಸ್ಸು ಬರುವಾಗ ಟ್ಯಾಕ್ಸಿ ಅರ್ಧ ದಾರಿ ಬಂದಿತ್ತು. ನೋಡುತ್ತೇನೆ, ಅಂಗಿಯ ಜೇಬಿನ ಅಂಚಿನಲ್ಲಿ ಒಂದು ಎಲೆ! ಡ್ರೈವರನಿಗೆ ಕೈ ಮುಗಿದು ಗಾಡಿ ತಿರುಗಿಸಲು ಹೇಳಿದೆ. ಕಾಡಿನ ಬಾಗಿಲಲ್ಲಿ ಎಲೆ ಇಟ್ಟು ಅಡ್ಡಬಿದ್ದೆ, ತಪ್ಪಾಯಿತು ಸ್ವಾಮಿ ಅಂದೆ. ಹೆಂಡತಿ ಬಗ್ಗಿ ನೋಡಿದಳು.

“ಏಳಿ. ಅದು ಬೆಳಗ್ಗಿನ ಅವಲಕ್ಕಿಯ ಕರಿಬೇವು.”

ಸೇತುವೆ

ಕೊನೆಗೆ ಸೇತುವೆ. ಹೆಂಡತಿ ನೋವಿನ ಕಾಲನ್ನು ಎಳೆದುಕೊಂಡು ಮೆಟ್ಟಿಲು ಇಳಿದಳು. ಕೆಳಗೆ ಬಂಡೆ, ಭೋರೆನ್ನುವ ನೀರು. ನಾನು ದಡದಲ್ಲೇ ಒಂದು ಮರ ತಬ್ಬಿಕೊಂಡೆ. ಅವಳು ಹಿಂತಿರುಗಿಯೂ ನೋಡದೆ ಹೊರಟಳು.

ನಡುವಿಗೆ ಹೋದವಳು ನಿಂತಳು. ಫೋಟೋಕ್ಕೆ ಎಂದುಕೊಂಡೆ, ಅಲ್ಲ. ಕೆಳಗೆ ನೋಡಿಬಿಟ್ಟಿದ್ದಳು. ಎರಡೂ ಕೈಯಲ್ಲಿ ಬೇರು ಹಿಡಿದು, “ರೀ, ನನಗೆ ಆಗುವುದಿಲ್ಲ” ಅಂದಳು. ಅಷ್ಟು ಸಣ್ಣ ದನಿ ಅವಳ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ನನಗೆ ಅಳು ಬಂತು. ಇಷ್ಟು ದೂರ ಬಂದು, ಇಷ್ಟು ವರ್ಷ ಕಾದು, ಅರ್ಧದಿಂದ ಹಿಂದೆ ಬಂದರೆ ಇವಳಿಗೆ ಮತ್ತೆಂದು?

ಹೇಗೆ ಹೋದೆನೋ ಗೊತ್ತಿಲ್ಲ. ಕಣ್ಣು ಅವಳ ಬೆನ್ನಿನ ಮೇಲೆ ಮಾತ್ರ. ಹತ್ತಿರ ಹೋಗಿ ಬೆನ್ನಿಗೆ ಕೈ ಒತ್ತಿ, ಅವಳದ್ದೇ ದನಿಯಲ್ಲಿ ಅಂದೆ: “ಹೂಂ, ಡೊಂಬಿವಲಿ ಬಂತು, ಮುಂದೆ ನಡಿ.”

ಲೋಕಲ್ಲಿನ ಅಭ್ಯಾಸ ಎಲ್ಲಿಗೆ ಹೋಗುತ್ತದೆ! ಹೆಗಲ ಬ್ಯಾಗು ಎದೆಗೆ ಒತ್ತಿಕೊಂಡು, ಮೊಣಕೈ ಅಗಲಿಸಿ, ಎದುರಿಗೆ ಯಾರೂ ಇಲ್ಲದಿದ್ದರೂ “ಸರಕೋ, ಸರಕೋ” ಎಂದು ದಾರಿ ಬಿಡಿಸಿಕೊಳ್ಳುತ್ತಾ ಸರಸರನೆ ದಾಟಿಬಿಟ್ಟಳು. ಆಚೆ ದಡದಲ್ಲಿ ನಿಂತು ಅತ್ತಳು, ನಕ್ಕಳು, ಮತ್ತೆ ತಿರುಗಿ ನೋಡಿದಳು.

ನಾನು ನಡುವಿನಲ್ಲೇ ಇದ್ದೆ. ಅವಳ ಬೆನ್ನು ಹೋಗಿತ್ತು, ನೀರು ಕಂಡಿತ್ತು. ಎರಡೂ ಕೈಯಲ್ಲಿ ಬೇರು ಹಿಡಿದು ಕಣ್ಣು ಮುಚ್ಚಿದೆ.

“ರೀ, ಇಳಿಯುವುದಿಲ್ವಾ?” ಎಂದು ಕೂಗಿದಳು.

“ನೀನು ಹೋಗು ಮಾರಾಯ್ತಿ,” ಅಂದೆ, “ನನ್ನದು ಕಲ್ಯಾಣ!”